ಕಿತ್ತಳೆ ಟೋಪಿಯ ಚಳಿಗಾಲ: 2004ರ ಹೊವರ್ಡ್ ಡೀನ್ ಬೆಂಬಲಿಗರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಅಧ್ಯಕ್ಷರ ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರಾದರೊಬ್ಬರು ನನ್ನನ್ನು ಹಿಡಿದುಕೊಳ್ಳುತ್ತಾರೆ. "ನೀವು ಆ ಕಿರುಚಿದ ಮನುಷ್ಯನ ಕಡೆಯವರಲ್ವಾ?" ಹೌದು, ಸೋತ ರಾತ್ರಿ ಕಿರುಚಿ ಟಿವಿಗೆ ಸಿಕ್ಕಿಬಿದ್ದ ಹೊವರ್ಡ್ ಡೀನ್ ಕಡೆಯವನೇ, ಒಂದು ಚಳಿಗಾಲದ ಮಟ್ಟಿಗೆ. 2003ರಲ್ಲಿ ನ್ಯೂಜೆರ್ಸಿಯಲ್ಲಿ ಕೆಲಸದ ವೀಸಾದ ಮೇಲಿದ್ದೆ. ಓಟು ಇರಲಿಲ್ಲ, ದುಡ್ಡು ಕೊಡುವ ಹಾಗೂ ಇರಲಿಲ್ಲ. ಆಫೀಸಿನಲ್ಲಿ ಪಕ್ಕದ ಸೀಟಿನಲ್ಲಿದ್ದ ಹೆಂಗಸು ಕರೆದರು ಅಂತ ಡೀನ್ ಬೆಂಬಲಿಗರ ಸಭೆಗೆ ಹೋದೆ. ಅನ್ನ ತಣ್ಣಗಾಗುವವರೆಗೂ ಅದೇ ಕಥೆ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಬರೆದಿಟ್ಟಿದ್ದೇನೆ.

ಯಾರೀ ಹೊವರ್ಡ್ ಡೀನ್?

ವೃತ್ತಿಯಲ್ಲಿ ಡಾಕ್ಟರು. 1991ರಿಂದ 2003ರ ಜನವರಿವರೆಗೆ ವರ್ಮಾಂಟ್ ರಾಜ್ಯದ ಗವರ್ನರ್. ಆ ರಾಜ್ಯದ ಜನಸಂಖ್ಯೆ ಆರು ಲಕ್ಷದ ಆಸುಪಾಸು, ನಮ್ಮ ಕೊಡಗು ಜಿಲ್ಲೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಲ್ಲಿಂದ ಎದ್ದು ಬಂದು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಆಗುತ್ತೇನೆ ಅಂದಾಗ ಯಾರೂ ಗಂಭೀರವಾಗಿ ತಗೊಳ್ಳಲಿಲ್ಲ. ಹೆಂಡತಿಯೂ ಡಾಕ್ಟರು. ಗಂಡ ಅಧ್ಯಕ್ಷಗಿರಿಗೆ ನಿಂತರೂ ಆಕೆ ತಮ್ಮ ಕ್ಲಿನಿಕ್ ಬಿಟ್ಟು ಪ್ರಚಾರಕ್ಕೆ ಬಂದದ್ದು ತೀರಾ ಅಪರೂಪ. ನಮ್ಮ ಗುಂಪಿನ ಹೆಂಗಸರಿಗೆ ಇದೇ ಬಹಳ ಹಿಡಿಸಿತ್ತು.

ಡೀನ್ ಭಾರಿ ಎಡಪಂಥೀಯ ಅಂತ ಈಗ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಬಜೆಟ್ ವಿಷಯದಲ್ಲಿ ಕೈ ಬಿಗಿ, ಬಂದೂಕಿನ ವಿಷಯದಲ್ಲಿ ಹಳ್ಳಿಯವರ ಕಡೆ. ಸಲಿಂಗಿ ಜೋಡಿಗಳಿಗೆ ಮದುವೆಯಂಥದ್ದೇ ಹಕ್ಕು ಕೊಡುವ ಕಾನೂನಿಗೆ 2000ದಲ್ಲಿ ಸಹಿ ಹಾಕಿದ್ದರು, ನಿಜ. ಆದರೆ ಒಟ್ಟಾರೆ ನೋಡಿದರೆ ಬೆಂಬಲಿಗರು ಅವರಿಗಿಂತ ಎಡಕ್ಕಿದ್ದರು.

ಹಾಗಿದ್ದರೆ ಜನ ಯಾಕೆ ಹಿಂದೆ ಬಿದ್ದರು?

ಇರಾಕ್. 2002ರ ಅಕ್ಟೋಬರ್‌ನಲ್ಲಿ ಯುದ್ಧಕ್ಕೆ ಅಧಿಕಾರ ಕೊಡುವ ಮಸೂದೆ ಬಂದಾಗ ಜಾನ್ ಕೆರಿ, ಜಾನ್ ಎಡ್ವರ್ಡ್ಸ್, ಡಿಕ್ ಗೆಪಾರ್ಟ್, ಜೋ ಲೀಬರ್‌ಮನ್ ಎಲ್ಲರೂ ಪರವಾಗಿ ಓಟು ಹಾಕಿದ್ದರು. ಇವರೆಲ್ಲ ಡೀನ್ ಎದುರಾಳಿಗಳು. 2003ರ ಮಾರ್ಚ್‌ನಲ್ಲಿ, ಯುದ್ಧ ಶುರುವಾಗುವ ಕೆಲವೇ ದಿನ ಮುಂಚೆ, ಕ್ಯಾಲಿಫೋರ್ನಿಯಾದ ಪಕ್ಷದ ಸಮಾವೇಶದಲ್ಲಿ ಡೀನ್ ಎದ್ದು ನಿಂತರು. ನಮ್ಮ ಪಕ್ಷದ ದೊಡ್ಡವರು ಬುಷ್ ಜೊತೆ ಯಾಕೆ ತಲೆ ಆಡಿಸುತ್ತಿದ್ದಾರೆ ಅಂತ ನೇರವಾಗಿ ಕೇಳಿದರು. ತಾನು ಡೆಮಾಕ್ರಟಿಕ್ ಪಕ್ಷದೊಳಗಿನ ಡೆಮಾಕ್ರಟಿಕ್ ಬಣದವನು ಅಂದರು. ಆ ಮಾತು ಅವರದ್ದಲ್ಲ, ತೀರಿಹೋಗಿದ್ದ ಸೆನೆಟರ್ ಪಾಲ್ ವೆಲ್‌ಸ್ಟೋನ್ ಅವರಿಂದ ಎರವಲು.

ನಮ್ಮ ಸಹೋದ್ಯೋಗಿ ಆ ವಿಡಿಯೊ ತೋರಿಸಿದ್ದು ನೆನಪಿದೆ. ಐವತ್ತು ದಾಟಿದ ಹೆಂಗಸು. ಅಲ್ಲಿವರೆಗೆ ಒಂದೇ ಒಂದು ರಾಜಕೀಯ ಸಭೆಗೆ ಹೋದವರಲ್ಲ. "ಆರು ತಿಂಗಳಿಂದ ಟಿವಿ ನೋಡಿ ನಾನು ಕೂಗಾಡುತ್ತಿದ್ದೆ. ಈಗ ಟಿವಿಯೊಳಗೆ ಒಬ್ಬ ಕೂಗಾಡುತ್ತಿದ್ದಾನೆ" ಅಂದರು. ಅವರಿಗೆ ಡೀನ್ ಆರೋಗ್ಯ ವಿಮೆ ಬಗ್ಗೆ ಏನು ಹೇಳುತ್ತಾರೆ ಅನ್ನುವುದು ಆಮೇಲಿನ ಮಾತು.

ಮೀಟಪ್ ಅಂದರೆ ಏನು? ಅಲ್ಲಿ ನಿಜಕ್ಕೂ ಏನು ನಡೆಯುತ್ತಿತ್ತು?

ಮೀಟಪ್ ಅನ್ನುವುದು ಆಗ ಹೊಸದಾಗಿ ಬಂದಿದ್ದ ವೆಬ್‌ಸೈಟು. ನಾಯಿ ಸಾಕುವವರು, ಉಲ್ಲನ್ ಹೆಣೆಯುವವರು ತಮ್ಮೂರಲ್ಲಿ ಒಂದು ಕಡೆ ಸೇರಲಿ ಅಂತ ಮಾಡಿದ್ದು. 2003ರ ಶುರುವಿನಲ್ಲಿ ಅದರಲ್ಲಿ ಡೀನ್ ಹೆಸರಿಗೆ ಇದ್ದವರು ಕೆಲವೇ ನೂರು ಜನ. ವರ್ಷ ಮುಗಿಯುವಷ್ಟರಲ್ಲಿ ಒಂದೂವರೆ ಲಕ್ಷ ದಾಟಿತ್ತು. ಪ್ರಚಾರದ ಮುಖ್ಯಸ್ಥ ಜೋ ಟ್ರಿಪ್ಪಿ ಇದನ್ನು ಬೇಗ ಗುರುತಿಸಿದರು. ಇದನ್ನು ಶುರು ಮಾಡಿದ್ದು ಮಾತ್ರ ಅವರಲ್ಲ, ಜನರೇ. 2003ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಒಂದು ಮೀಟಪ್‌ಗೆ ಡೀನ್ ಖುದ್ದು ಬಂದಾಗ ಒಳಗೆ ಜಾಗ ಸಾಲದೆ ಜನ ಬೀದಿಯಲ್ಲಿ ನಿಂತಿದ್ದರಂತೆ.

ನಮ್ಮದು ಅಷ್ಟು ದೊಡ್ಡದಲ್ಲ. ಪ್ರತಿ ತಿಂಗಳ ಮೊದಲ ಬುಧವಾರ, ಸಂಜೆ ಏಳಕ್ಕೆ, ಒಂದು ಕಾಫಿ ಅಂಗಡಿಯ ಹಿಂದಿನ ಕೋಣೆ. ಮೊದಲ ಸಲ ಹನ್ನೊಂದು ಜನ ಇದ್ದೆವು. ನವೆಂಬರ್ ಹೊತ್ತಿಗೆ ಕುರ್ಚಿ ಸಾಲದೆ ಹಾಲಿನ ಕ್ರೇಟುಗಳನ್ನು ಬೋರಲು ಹಾಕಿ ಕೂರುತ್ತಿದ್ದೆವು. ಒಬ್ಬ ರಿಟೈರ್ಡ್ ಮೇಷ್ಟರು, ಇಬ್ಬರು ನರ್ಸುಗಳು, ಒಬ್ಬ ಪಿಯಾನೊ ರಿಪೇರಿ ಮಾಡುವವನು, ನಾಲ್ಕಾರು ಸಾಫ್ಟ್‌ವೇರ್‌ನವರು. ಬರ್ಲಿಂಗ್ಟನ್‌ನಲ್ಲಿದ್ದ ಮುಖ್ಯ ಕಚೇರಿಯಿಂದ ಏನು ಮಾಡಬೇಕು ಅಂತ ಒಂದು ಪಟ್ಟಿ ಬರುತ್ತಿತ್ತು. ಅದನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಉಳಿದ ಒಂದೂವರೆ ಗಂಟೆ ಹರಟೆ. ಸುಳ್ಳು ಯಾಕೆ ಹೇಳಲಿ, ಜನ ಬರುತ್ತಿದ್ದದ್ದು ಆ ಹರಟೆಗೇ. ಆ ದಿನಗಳಲ್ಲಿ ಯುದ್ಧ ಬೇಡ ಅಂದರೆ ದೇಶದ್ರೋಹಿ ಅನ್ನುವ ಹಾಗೆ ನೋಡುತ್ತಿದ್ದರು. ಇಲ್ಲಿ ಬಾಯಿ ಬಿಡಬಹುದಿತ್ತು.

ಕಾಗದ ಬರೆಯುತ್ತಿದ್ದಿರಂತೆ, ಯಾರಿಗೆ?

ಅಯೋವಾ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮತದಾರರಿಗೆ. ಆಗ ಅಭ್ಯರ್ಥಿ ಆಯ್ಕೆ ಶುರುವಾಗುತ್ತಿದ್ದದ್ದೇ ಈ ಎರಡು ಕಡೆ. ಪ್ರತಿ ಮೀಟಪ್‌ನಲ್ಲೂ ಒಂದಷ್ಟು ಹೆಸರು, ವಿಳಾಸ ಕೊಡುತ್ತಿದ್ದರು. ಪ್ರಿಂಟ್ ಮಾಡಿದ ಕಾಗದ ಕೂಡದು, ಕೈಬರಹವೇ ಆಗಬೇಕು. ನಾನು ಯಾಕೆ ಡೀನ್ ಕಡೆ ಅಂತ ನಮ್ಮದೇ ಮಾತಲ್ಲಿ ಬರೆಯಬೇಕು.

ನಾನು ಓಟಿಲ್ಲದವನು, ಏನು ಬರೆಯಲಿ? "ನಾನು ಭಾರತದಿಂದ ಬಂದವನು. ನನಗೆ ಇಲ್ಲಿ ಓಟಿಲ್ಲ. ನಿಮಗಿದೆ" ಅಂತ ಶುರು ಮಾಡಿ ನಾಲ್ಕು ಸಾಲು ಬರೆದೆ. ಮೇಷ್ಟರು ಓದಿ, ಎರಡು ಸ್ಪೆಲ್ಲಿಂಗ್ ತಿದ್ದಿ, ಚೆನ್ನಾಗಿದೆ ಅಂದರು. ಆಗ ಸ್ಟ್ಯಾಂಪಿಗೆ 37 ಸೆಂಟು. ನಾನು ಜೇಬಿಗೆ ಕೈ ಹಾಕಿದ್ದೇ ತಡ, ಸಹೋದ್ಯೋಗಿ ಕೈ ಹಿಡಿದರು. "ಬೇಡ. ವೀಸಾದವನು ನೀನು, ಸ್ಟ್ಯಾಂಪಿಗೂ ದುಡ್ಡು ಹಾಕಬೇಡ." ಅತಿ ಎಚ್ಚರಿಕೆ ಅನ್ನಿಸಿತು ಆಗ. ಈಗ ಅವರು ಹೇಳಿದ್ದೇ ಸರಿ ಅನ್ನಿಸುತ್ತದೆ.

ಅಂದರೆ ಎಚ್‌-1ಬಿಯಲ್ಲಿ ಇರುವವರು ಪ್ರಚಾರದಲ್ಲಿ ಸೇರಬಹುದಾ?

ಇದನ್ನು ಕೇಳದ ಕನ್ನಡಿಗರೇ ಇಲ್ಲ. ಚಿಕ್ಕ ಉತ್ತರ: ಸಂಬಳವಿಲ್ಲದೆ ಕೈಲಾದ ಕೆಲಸ ಮಾಡಬಹುದು, ದುಡ್ಡು ಕೊಡಬಾರದು. ದೇಣಿಗೆ ಕೊಡಬಹುದಾದವರು ಅಮೆರಿಕದ ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರು ಮಾತ್ರ. ವೀಸಾದವರು ಫೋನ್ ಮಾಡಬಹುದು, ಬಾಗಿಲು ತಟ್ಟಬಹುದು, ಲಕೋಟೆ ಅಂಟಿಸಬಹುದು. ಪ್ರಚಾರದ ಹಣ ಎಲ್ಲಿ ಖರ್ಚಾಗಬೇಕು ಅನ್ನುವಂಥ ತೀರ್ಮಾನಗಳಲ್ಲಿ ತಲೆ ಹಾಕಬಾರದು. ಟಿ-ಶರ್ಟ್ ಕೊಳ್ಳುವುದೂ ದೇಣಿಗೆಯೇ, ಪ್ರಚಾರದ ಅಂಗಡಿಯಿಂದ ಕೊಂಡರೆ. ಗ್ರೀನ್ ಕಾರ್ಡ್ ಇದ್ದರೂ ಓಟು ಮಾತ್ರ ಹಾಕಬೇಡಿ ಮಾರಾಯ್ರೆ, ಅದು ದೊಡ್ಡ ತಪ್ಪು, ಗಡಿಪಾರು ಆಗುವಷ್ಟು.

ದುಡ್ಡು ಎಲ್ಲಿಂದ ಬಂತು? ಬ್ಯಾಟ್ ಕಥೆ ಏನು?

ಸಣ್ಣ ಸಣ್ಣ ಮೊತ್ತಗಳಿಂದ. ಆ ಚುನಾವಣೆಯಲ್ಲಿ ಪ್ರೈಮರಿ ಹಂತಕ್ಕೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಹಂತಕ್ಕೆ, ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ 2,000 ಡಾಲರ್‌ವರೆಗೆ ಕೊಡಬಹುದಿತ್ತು. ಉಳಿದವರು ಆ 2,000 ಕೊಡುವ ಸಾಹುಕಾರರನ್ನೇ ಹುಡುಕುತ್ತಿದ್ದರು. ಡೀನ್ ಕಡೆ 25, 50 ಡಾಲರ್‌ನವರು ಇಂಟರ್ನೆಟ್ಟಿನಲ್ಲಿ ಕೊಟ್ಟರು. ಈಗ ಇದು ಮಾಮೂಲು. ಆಗ ಕಾರ್ಡ್ ನಂಬರ್ ಹಾಕುವುದಕ್ಕೇ ಜನ ಹೆದರುತ್ತಿದ್ದ ಕಾಲ.

2003ರ ಜೂನ್ ಕೊನೆಯಲ್ಲಿ ವೆಬ್‌ಸೈಟಿನಲ್ಲಿ ಒಂದು ಬೇಸ್‌ಬಾಲ್ ಬ್ಯಾಟಿನ ಚಿತ್ರ ಹಾಕಿದರು. ದುಡ್ಡು ಬಂದಂತೆ ಕೆಳಗಿಂದ ಬಣ್ಣ ಏರುತ್ತಾ ಹೋಗುತ್ತದೆ. ಜನ ಕೆಲಸ ಬಿಟ್ಟು ಅದನ್ನೇ ನೋಡುತ್ತಾ ಕೂತರು. ನಮ್ಮ ಆಫೀಸಿನಲ್ಲಿ ಎರಡು ಸೀಟಿನಲ್ಲಂತೂ ಕೂತರು. ಆ ಮೂರು ತಿಂಗಳಲ್ಲಿ ಡೀನ್ ಸಂಗ್ರಹ 76 ಲಕ್ಷ ಡಾಲರ್, ಡೆಮಾಕ್ರಟ್‌ಗಳಲ್ಲೇ ಎಲ್ಲರಿಗಿಂತ ಜಾಸ್ತಿ. ಮುಂದಿನ ಮೂರು ತಿಂಗಳಲ್ಲಿ ಸುಮಾರು 1 ಕೋಟಿ 48 ಲಕ್ಷ. ಬೆಂಬಲಿಗರ ಸಲಹೆಯಂತೆ ಡೀನ್ ನ್ಯೂಯಾರ್ಕಿನ ಬ್ರಯಂಟ್ ಪಾರ್ಕ್ ಸಭೆಗೆ ಕೆಂಪು ಬ್ಯಾಟ್ ಹಿಡಿದೇ ಬಂದರು.

ಆದರೆ ನನಗೆ ಇಷ್ಟ ಸ್ಯಾಂಡ್‌ವಿಚ್ ಕಥೆ. ಜುಲೈ ಕೊನೆಯಲ್ಲಿ ಉಪಾಧ್ಯಕ್ಷ ಡಿಕ್ ಚೇನಿ ಒಂದು ಊಟದ ಕೂಟ ಇಟ್ಟಿದ್ದರು. ತಟ್ಟೆಗೆ 2,000 ಡಾಲರ್. ಅದೇ ಹೊತ್ತಿಗೆ ಡೀನ್ ಕಂಪ್ಯೂಟರ್ ಮುಂದೆ ಕೂತು ಟರ್ಕಿ ಸ್ಯಾಂಡ್‌ವಿಚ್ ತಿಂದರು. ನೀವೂ ನಿಮ್ಮ ಮನೆಯಲ್ಲೇ ಕೂತು ಜೊತೆಗೆ ಊಟ ಮಾಡಿ, ಕೈಲಾದದ್ದು ಕೊಡಿ ಅಂದರು. 5 ಲಕ್ಷ ಡಾಲರ್ ಬಂತು. ಚೇನಿ ಊಟಕ್ಕಿಂತ ಜಾಸ್ತಿ.

ನವೆಂಬರ್‌ನಲ್ಲಿ ಸರ್ಕಾರದ ಚುನಾವಣಾ ನಿಧಿ ತಗೊಳ್ಳಬೇಕೋ ಬೇಡವೋ ಅನ್ನುವುದನ್ನು ಬೆಂಬಲಿಗರ ಓಟಿಗೇ ಬಿಟ್ಟರು. ತಗೊಂಡರೆ ಖರ್ಚಿಗೆ ಮಿತಿ. ಶೇಕಡಾ 85 ಜನ ಬೇಡ ಅಂದರು. ಮೇಷ್ಟರು ಮಾತ್ರ ಬೇಕು ಅಂತ ಹಾಕಿ ಎರಡು ತಿಂಗಳು ಮುಖ ಊದಿಸಿಕೊಂಡಿದ್ದರು. ದೊಡ್ಡ ಹಣಕ್ಕೆ ಕಡಿವಾಣ ಇರಲಿ ಅಂತ ಮಾಡಿದ ವ್ಯವಸ್ಥೆಯನ್ನು ಒಳ್ಳೆಯವರೇ ಮುರಿದರೆ ಕೆಟ್ಟವರಿಗೆ ದಾರಿ ಸಲೀಸು ಅನ್ನುವುದು ಅವರ ವಾದ. 2008ರಲ್ಲಿ ಒಬಾಮಾ ನವೆಂಬರ್ ಚುನಾವಣೆಗೂ ಆ ನಿಧಿ ಬೇಡ ಅಂದಾಗ ಅವರ ನೆನಪಾಯಿತು.

ಬೆಂಬಲಿಗರೆಲ್ಲ ಕಾಲೇಜು ಹುಡುಗರಂತೆ?

ಟಿವಿಯವರ ಕಟ್ಟುಕಥೆ. ನಮ್ಮಲ್ಲಿ ಕೂದಲು ನೆರೆತವರೇ ಅರ್ಧ. ಇನ್ನೊಂದು ಟೀಕೆ ಮಾತ್ರ ಚುಚ್ಚುವಷ್ಟು ನಿಜ: ಹೆಚ್ಚಿನವರು ಬಿಳಿಯರು, ಓದಿದವರು, ತಿಂಗಳ ಕೊನೆಗೆ ಪರದಾಡದವರು. ಅಯೋವಾದಲ್ಲಿ ವಿರೋಧಿಗಳು ಹಾಕಿದ ಟಿವಿ ಜಾಹೀರಾತು ಇದನ್ನೇ ಆಡಿಕೊಂಡಿತು. ಲ್ಯಾಟೆ ಕುಡಿಯುವ, ಸುಶಿ ತಿನ್ನುವ, ವೋಲ್ವೋ ಓಡಿಸುವ ಜನ ವರ್ಮಾಂಟ್‌ಗೆ ವಾಪಸ್ ಹೋಗಲಿ ಅಂತ. ನಾವೆಲ್ಲ ನಕ್ಕೆವು. ನಗುತ್ತಾ ಕಿಟಕಿಯಿಂದ ಪಾರ್ಕಿಂಗ್ ನೋಡಿದರೆ ಎರಡು ವೋಲ್ವೋ ನಿಂತಿದ್ದವು.

ಅಯೋವಾದಲ್ಲಿ ಅಷ್ಟು ಹೀನಾಯವಾಗಿ ಸೋತದ್ದು ಹೇಗೆ?

ಇದಕ್ಕೆ ಕಾಕಸ್ ಅಂದರೇನು ಅಂತ ಗೊತ್ತಿರಬೇಕು. ಪಕ್ಷದವರು ಸೇರಿ ಅಭ್ಯರ್ಥಿ ಆರಿಸುವ ಸಭೆ ಅದು. ಆಗ ಅಲ್ಲಿ ಗುಟ್ಟಾಗಿ ಓಟು ಹಾಕಿ ಮನೆಗೆ ಹೋಗುವ ಹಾಗಿರಲಿಲ್ಲ. ಜನವರಿಯ ಕೊರೆಯುವ ಚಳಿಯಲ್ಲಿ ಸಂಜೆ ಶಾಲೆಯಲ್ಲೋ ಚರ್ಚಿನಲ್ಲೋ ಸೇರಬೇಕಿತ್ತು. ನಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ಎಲ್ಲರ ಕಣ್ಣೆದುರು ನಿಲ್ಲಬೇಕಿತ್ತು. ಸಾಮಾನ್ಯವಾಗಿ ಶೇಕಡಾ 15 ಜನ ಸೇರದ ಗುಂಪು ಮುರಿದು ಬೇರೆ ಮೂಲೆಗೆ ಹೋಗಬೇಕಿತ್ತು. ಆಗ ಅಕ್ಕಪಕ್ಕದವರು ಬಂದು ಕೈ ಹಿಡಿದು ಎಳೆಯುತ್ತಿದ್ದರು: "ಬಾ, ನಮ್ಮ ಕಡೆ ಬಾ." ಅಲ್ಲಿ ಕೆಲಸಕ್ಕೆ ಬರುತ್ತಿದ್ದದ್ದು ನೆರೆಹೊರೆಯ ಮುಖಪರಿಚಯ.

ನಾವು ಕಳಿಸಿದ್ದು ಹೊರಗಿನವರನ್ನು. ದೇಶದ ಮೂಲೆ ಮೂಲೆಯಿಂದ ಸುಮಾರು 3,500 ವಾಲಂಟಿಯರ್‌ಗಳು ಅಯೋವಾಗೆ ಇಳಿದರು. ತಲೆಗೆ ಗಾಢ ಕಿತ್ತಳೆ ಬಣ್ಣದ ಉಲ್ಲನ್ ಟೋಪಿ, ಅದರ ಮೇಲೆ 'ಪರ್ಫೆಕ್ಟ್ ಸ್ಟಾರ್ಮ್' ಅಂತ ಬರೆದದ್ದು. ನಮ್ಮ ಸಹೋದ್ಯೋಗಿ ಹತ್ತು ದಿನ ರಜೆ ಹಾಕಿ ಹೋದರು. ಒಂದು ಮನೆಯಲ್ಲಿ ಬಾಗಿಲು ತೆಗೆದ ಮುದುಕರು ಟೋಪಿ ನೋಡಿದ್ದೇ "ಓ, ನೀವಾ" ಅಂದು ಒಳಗೆ ಹೋಗಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಕಾಗದ ತಂದರಂತೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಯಾರ್ಕ್‌ನಿಂದ ಬಂದ ಏಳು ಕೈಬರಹದ ಕಾಗದಗಳು. "ಎಲ್ಲ ಒಳ್ಳೆ ಜನರ ಹಾಗೆ ಕಾಣ್ತಾರೆ. ಆದರೆ ಈ ಬೀದಿಯವರು ಯಾರೂ ಬರೆದಿಲ್ಲವಲ್ಲ?" ಅಂದರಂತೆ. ಆಮೇಲೆ ಕಾಫಿ ಕೊಟ್ಟರು. ತಾನು ಕೆರಿ ಕಡೆ ಅಂತಲೂ ಹೇಳಿದರು.

ಬೇರೆ ಕಾರಣಗಳೂ ಇದ್ದವು. ಡೀನ್ ಮತ್ತು ಗೆಪಾರ್ಟ್ ಜಾಹೀರಾತಿನಲ್ಲಿ ಪರಸ್ಪರ ಕೆಸರು ಎರಚಿಕೊಂಡು ಇಬ್ಬರೂ ಮುಳುಗಿದರು. ಡಿಸೆಂಬರ್‌ನಲ್ಲಿ ಸದ್ದಾಂ ಹುಸೇನ್ ಸಿಕ್ಕಿಬಿದ್ದಾಗ, ಇದರಿಂದ ಅಮೆರಿಕ ಹೆಚ್ಚು ಸುರಕ್ಷಿತ ಏನೂ ಆಗಿಲ್ಲ ಅಂದರು ಡೀನ್. ಮಾತು ತಪ್ಪಲ್ಲ, ಹೊತ್ತು ತಪ್ಪು. ಪಕ್ಷದ ಹಿರಿತಲೆ, ಮಾಜಿ ಉಪಾಧ್ಯಕ್ಷ ಅಲ್ ಗೋರ್ ಬೆಂಬಲ ಘೋಷಿಸಿದ ಮೇಲಂತೂ ವ್ಯವಸ್ಥೆಯ ವಿರುದ್ಧ ನಿಂತವನು ಅನ್ನುವ ಹೆಸರೂ ಮಾಸಿತು.

ಜನವರಿ 19ರ ಫಲಿತಾಂಶ: ಕೆರಿ ಶೇಕಡಾ 38, ಎಡ್ವರ್ಡ್ಸ್ 32, ಡೀನ್ 18, ಗೆಪಾರ್ಟ್ 11. ಹೊಸ ಮತದಾರರನ್ನು ಕರೆತಂದರೆ ಅವರೆಲ್ಲ ನಮ್ಮವರೇ ಅಂತ ಲೆಕ್ಕ ಹಾಕಿದ್ದೆವು. ಹೊಸಬರು ಬಂದರು. ಬಂದವರಲ್ಲೂ ಜಾಸ್ತಿ ಜನ ಕೆರಿ ಮೂಲೆಗೆ ಹೋದರು.

ಆ ಕಿರುಚಾಟ? ಅದರಿಂದಲೇ ಸೋತರು ಅಂತಾರಲ್ಲ?

ಇಲ್ಲ! ಸೋತ ಮೇಲೆ ಕಿರುಚಿದ್ದು. ಇದೊಂದನ್ನು ಎಷ್ಟು ಸಲ ಹೇಳಿದರೂ ಜನ ತಲೆಗೆ ಹಾಕಿಕೊಳ್ಳುವುದಿಲ್ಲ.

ಫಲಿತಾಂಶ ಬಂದ ರಾತ್ರಿ ವೆಸ್ಟ್ ಡಿ ಮೊಯಿನ್‌ನ ವಾಲ್-ಏರ್ ಬಾಲ್‌ರೂಮಿನಲ್ಲಿ ಸಾವಿರಾರು ವಾಲಂಟಿಯರ್‌ಗಳು ಮುಖ ಇಳಿಬಿಟ್ಟು ನಿಂತಿದ್ದರು. ಅವರಿಗೆ ಹುರುಪು ತುಂಬಲು ಡೀನ್ ಅಂಗಿಯ ತೋಳು ಮಡಚಿ, ಮುಂದೆ ಹೋಗುವ ರಾಜ್ಯಗಳ ಹೆಸರನ್ನು ಒಂದೊಂದಾಗಿ ಕೂಗಿದರು. ಕೊನೆಗೆ ಒಂದು ಕೂಗು. ಗಂಟಲು ಮೊದಲೇ ಕಟ್ಟಿತ್ತು, ಅದು ಒಡೆದು ವಿಚಿತ್ರವಾಗಿ ಬಂತು. ಅವರ ಕೈಯಲ್ಲಿದ್ದದ್ದು ಸುತ್ತಲಿನ ಸದ್ದು ಎಳೆಯದ ಮೈಕು. ಟಿವಿಯಲ್ಲಿ ನೋಡಿದವರಿಗೆ ಒಬ್ಬನೇ ಮನುಷ್ಯ ಖಾಲಿ ಕೋಣೆಯಲ್ಲಿ ಅರಚಿದ ಹಾಗೆ ಕೇಳಿಸಿತು. ನಾಲ್ಕು ದಿನದಲ್ಲಿ 633 ಸಲ ಅದನ್ನು ತೋರಿಸಿದರು ಅಂತ ಆಗ ಲೆಕ್ಕ ಹಾಕಿದವರಿದ್ದಾರೆ.

ಸಹೋದ್ಯೋಗಿ ಆ ಹಾಲ್‌ನಲ್ಲಿದ್ದರು, ವೇದಿಕೆಯಿಂದ ಮೂವತ್ತು ಅಡಿ ದೂರ. ಗದ್ದಲದಲ್ಲಿ ಏನೂ ಕೇಳಿಸಲೇ ಇಲ್ಲ ಅಂತಾರೆ. ರಾತ್ರಿ ನನಗೆ ಫೋನ್ ಮಾಡಿ "ಸೋತೆವು, ಆದರೆ ಭಾಷಣ ಅದ್ಭುತ" ಅಂದರು. ನಾನು ಟಿವಿ ಮುಂದೆ ಕೂತಿದ್ದೆ. ಏನು ಹೇಳಲಿ? "ಹೌದಾ" ಅಂದೆ. ಬೆಳಿಗ್ಗೆ ಮೋಟೆಲಿನ ತಿಂಡಿ ಕೋಣೆಯಲ್ಲಿ ಅವರೂ ನೋಡಿದರು.

ಬೆಂಬಲಿಗರು ಸೋಲಿಗೆ ಯಾರನ್ನು ದೂರುತ್ತಾರೆ?

ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ. ನರ್ಸುಗಳಿಗೆ ಇಂದಿಗೂ ಟಿವಿಯವರ ಮೇಲೆ ಕೋಪ. ಸಾಫ್ಟ್‌ವೇರ್‌ನವರು ದುಡ್ಡು ನೀರಿನ ಹಾಗೆ ಖರ್ಚಾಯಿತು ಅಂತಾರೆ. ಸುಮಾರು 5 ಕೋಟಿ ಡಾಲರ್ ಕೂಡಿಸಿದ ಪ್ರಚಾರ ನ್ಯೂ ಹ್ಯಾಂಪ್‌ಶೈರ್ ಆದ ಮೇಲೆ ಕೈ ಬರಿದು ಮಾಡಿಕೊಂಡಿತ್ತು, ಟ್ರಿಪ್ಪಿಯೂ ಹೊರಬಿದ್ದರು. ಪಿಯಾನೊದವನು ಡೀನ್ ಅವರನ್ನೇ ದೂರುತ್ತಾನೆ. ಬಾಯಿಗೆ ಬಂದದ್ದು ಆಡುವ ಮನುಷ್ಯ, ಜನ ಅವನನ್ನು ಅಧ್ಯಕ್ಷನಾಗಿ ಊಹಿಸಿಕೊಳ್ಳಲಿಲ್ಲ ಅಂತ.

ನನ್ನ ಮಟ್ಟಿಗೆ ಹೇಳುವುದಾದರೆ, ನಾವು ನಮ್ಮನ್ನು ನೋಡಿಕೊಂಡು ಮೈಮರೆತೆವು. ತಿಂಗಳು ತಿಂಗಳೂ ಕೋಣೆ ತುಂಬುತ್ತಿತ್ತು, ಬ್ಯಾಟು ತುಂಬುತ್ತಿತ್ತು. ದೇಶವೇ ತುಂಬುತ್ತಿದೆ ಅಂದುಕೊಂಡೆವು. ಆ ಕೋಣೆಗೆ ಕೆರಿ ಕಡೆಯವರೊಬ್ಬರೂ ಬಂದು ಕೂತದ್ದು ನನಗೆ ನೆನಪಿಲ್ಲ. ನಾವು ಕರೆದದ್ದೂ ಇಲ್ಲ.

ಡೀನ್ ಒಂದು ರಾಜ್ಯವನ್ನೂ ಗೆಲ್ಲಲಿಲ್ಲವಾ?

ಗೆದ್ದರು, ಸ್ಪರ್ಧೆ ಬಿಟ್ಟ ಮೇಲೆ. ಫೆಬ್ರವರಿ 18ರಂದು ಹಿಂದೆ ಸರಿದರು. ಮಾರ್ಚ್ 2ಕ್ಕೆ ವರ್ಮಾಂಟ್ ಜನ ಆದರೂ ಅವರಿಗೇ ಓಟು ಹಾಕಿದರು.

ಆಮೇಲೆ ಆ ಜನರೆಲ್ಲ ಎಲ್ಲಿ ಹೋದರು?

ಕೆಲವರು ಮನೆಗೆ. ಬಹಳ ಮಂದಿ ಪಕ್ಷದ ಅಭ್ಯರ್ಥಿಯಾದ ಕೆರಿ ಪರ ಬೇಸರದಲ್ಲೇ ದುಡಿದರು. ಡೀನ್ ಪ್ರಚಾರದ ಸಂಘಟನೆಯೇ 'ಡೆಮಾಕ್ರಸಿ ಫಾರ್ ಅಮೆರಿಕ' ಅಂತ ಮುಂದುವರಿಯಿತು. 2005ರ ಫೆಬ್ರವರಿಯಲ್ಲಿ ಡೀನ್ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರಾದರು. ಗೆಲ್ಲುವ ರಾಜ್ಯ, ಸೋಲುವ ರಾಜ್ಯ ಅಂತ ನೋಡದೆ ಐವತ್ತೂ ರಾಜ್ಯಗಳಲ್ಲಿ ಪಕ್ಷದ ಕೆಲಸಗಾರರನ್ನು ಇಟ್ಟರು. ವಾಷಿಂಗ್ಟನ್‌ನ ದೊಡ್ಡವರು ದುಡ್ಡು ದಂಡ ಅಂತ ಗೊಣಗಿದರು. 2006ರಲ್ಲಿ ಕಾಂಗ್ರೆಸ್ಸಿನ ಎರಡೂ ಸದನ ಪಕ್ಷದ ಕೈಗೆ ಬಂದವು. ಅದಕ್ಕೆ ಡೀನ್ ಒಬ್ಬರೇ ಕಾರಣ ಅಂತ ಬೆಂಬಲಿಗರು ಹೇಳಿದರೆ ಅರ್ಧ ನಂಬಿ. ಬುಷ್ ಬಗ್ಗೆ ಜನ ಬೇಸತ್ತಿದ್ದರು.

ಒಬಾಮಾ, ಸ್ಯಾಂಡರ್ಸ್ ಮಾಡಿದ್ದೂ ಇದೇ ಅಲ್ವಾ?

ಉಪಕರಣ ಇದೇ. ಡೀನ್ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಂಡಿದ್ದ ಹುಡುಗರು ಕಟ್ಟಿದ ಬ್ಲೂ ಸ್ಟೇಟ್ ಡಿಜಿಟಲ್ ಕಂಪನಿಯೇ 2008ರಲ್ಲಿ ಒಬಾಮಾ ವೆಬ್‌ಸೈಟ್ ಮಾಡಿದ್ದು. ಆದರೆ ಒಬಾಮಾ ಕಡೆಯವರು ಅಯೋವಾದಲ್ಲಿ ತಿಂಗಳುಗಟ್ಟಲೆ ಮನೆ ಮಾಡಿಕೊಂಡು ಕೂತರು, ಆ ಬೀದಿಯವರನ್ನೇ ಹಿಡಿದು ಆ ಬೀದಿಗೆ ಬಿಟ್ಟರು. 2016ರಲ್ಲಿ ವರ್ಮಾಂಟ್‌ನವರೇ ಆದ ಬರ್ನಿ ಸ್ಯಾಂಡರ್ಸ್ ಸರಾಸರಿ ದೇಣಿಗೆ 27 ಡಾಲರ್ ಅಂತ ಪ್ರತಿ ಸಭೆಯಲ್ಲೂ ಹೇಳುತ್ತಿದ್ದರಲ್ಲ, ಅದು ಬ್ಯಾಟಿನ ಮೊಮ್ಮಗ.

ರಿಪಬ್ಲಿಕನ್ ಕಡೆಯೂ ಇದೆ. ರಾನ್ ಪಾಲ್ ಅಭಿಮಾನಿಗಳು 2007ರ ಡಿಸೆಂಬರ್ 16ರಂದು ಒಂದೇ ದಿನ 60 ಲಕ್ಷ ಡಾಲರ್ ಕೂಡಿಸಿದರು. ಸಾಲದ್ದಕ್ಕೆ ಚಂದಾ ಎತ್ತಿ ಅವರ ಹೆಸರು ಬರೆದ ಗಾಳಿ ಹಡಗನ್ನೇ ಆಕಾಶಕ್ಕೆ ಹಾರಿಸಿದರು. ಅವರೂ ಗೆಲ್ಲಲಿಲ್ಲ.

ನಿಮ್ಮ ಗುಂಪು ಈಗಲೂ ಸೇರುತ್ತದಾ?

ಇಲ್ಲ. ಕಾಫಿ ಅಂಗಡಿ ಮುಚ್ಚಿ ಅಲ್ಲಿ ಫೋನ್ ರಿಪೇರಿ ಅಂಗಡಿ ಬಂದಿದೆ. ಮೇಷ್ಟರು ತೀರಿಕೊಂಡರು. ಪಿಯಾನೊದವನೂ ಒಬ್ಬ ನರ್ಸೂ ಮದುವೆಯಾದರು, ಆ ಪ್ರಚಾರದಲ್ಲಿ ನಮ್ಮ ಕೋಣೆ ಗೆದ್ದದ್ದು ಅದೊಂದೇ. ನಾನು ನಾಗರಿಕನಾಗಿ ಮೊದಲ ಓಟು ಹಾಕಿದ ದಿನ ಸಹೋದ್ಯೋಗಿಗೆ ಫೋನ್ ಮಾಡಿದೆ. "ಸರಿ, ಆ ಸ್ಟ್ಯಾಂಪಿನ 37 ಸೆಂಟು ಈಗ ಕೊಡು" ಅಂದರು.

ಕಿತ್ತಳೆ ಟೋಪಿ ಇನ್ನೂ ಇದೆಯಾ?

ಅವರ ಹತ್ತಿರ ಇದೆ, ಗ್ಯಾರೇಜಿನಲ್ಲಿ. ಅಕ್ಷರ ಎಲ್ಲ ಉದುರಿದೆ. ಹಿಮ ಗುಡಿಸುವಾಗ ಹಾಕಿಕೊಳ್ಳುತ್ತಾರೆ, ಕಾರಿನವರಿಗೆ ದೂರದಿಂದಲೇ ಕಾಣುತ್ತದೆ ಅಂತ.